ಇಂಗ್ಲಿಷು ಉತ್ತರಪತ್ರಿಕೆಯ ಕಾವ್ಯಮೀಮಾಂಸೆ

ಆರ್. ಕೆ. ನಾರಾಯಣರ ‘ದಿ ಇಂಗ್ಲಿಷ್ ಟೀಚರ್’ ಕಾದಂಬರಿ ಪ್ರಕಟವಾದದ್ದು ೧೯೪೫ರಲ್ಲಿ. ಅದರ ಆರಂಭದಲ್ಲಿಯೇ ಒಂದು ಸಣ್ಣ ಪ್ರಸಂಗ ಬರುತ್ತದೆ. ಮಾಲ್ಗುಡಿಯ ಕಾಲೇಜಿನ ಪ್ರಿನ್ಸಿಪಾಲರಾದ ಬ್ರೌನ್ ಸಾಹೇಬರಿಗೆ ಒಂದು ದೊಡ್ಡ ವ್ಯಥೆ. ಇಂಗ್ಲಿಷು ಆನರ್ಸ್ ತರಗತಿಯ ಹುಡುಗನೊಬ್ಬನಿಗೆ ‘ಆನರ್ಸ್’ ಎಂಬ ಮಾತಿನ ಕಾಗುಣಿತದಲ್ಲಿ ‘ಯು’ ಅಕ್ಷರ ಬರುತ್ತದೆಂಬುದೇ ಅಷ್ಟು ದಿನವೂ ಗೊತ್ತಿರಲಿಲ್ಲವಂತೆ! ಅಧ್ಯಾಪಕರನ್ನೆಲ್ಲ ಕೂಡಿಸಿಕೊಂಡು ಅವರು ಇದನ್ನು ತೋಡಿಕೊಳ್ಳುತ್ತಾರೆ. ಕಥಾನಾಯಕನಾದ ಕೃಷ್ಣನಿಗೆ ಈ ವ್ಯಥೆ ಅರ್ಥವಾಗುವುದಿಲ್ಲ. ಇಷ್ಟು ವರ್ಷ ಈ ದೇಶದಲ್ಲಿದ್ದ ಈ ಸಾಹೇಬರು ನಮ್ಮ ಯಾವುದಾದರೊಂದು ಭಾಷೆಯಲ್ಲಿ ಬೆಕ್ಕು ಇಲಿಗಳ ಮೇಲೆ ಒಂದು ಪುಟ್ಟ ವಾಕ್ಯವನ್ನಾದರೂ ಹೇಳಬಲ್ಲರೆ ಎಂದು ಅವನು ತನ್ನ ಸಹೋದ್ಯೋಗಿಯನ್ನು ಕೇಳುತ್ತಾನೆ.

ಓದಿದವರೆಲ್ಲ ಇಲ್ಲಿ ನಗುತ್ತಾರೆ. ನಗುವುದು ನ್ಯಾಯವೇ. ಆದರೆ ನಕ್ಕು ಮುಗಿದ ಮೇಲೆ ಯೋಚಿಸಿದರೆ, ಕೃಷ್ಣನದು ತಿರುಗೇಟೇ ಹೊರತು ಉತ್ತರವಲ್ಲವೆಂದು ತೋರುತ್ತದೆ. ಸಾಹೇಬರಿಗೆ ನಮ್ಮ ಭಾಷೆ ಬಾರದಿದ್ದರೆ ಅದು ಅವರ ಕೊರತೆ. ಹುಡುಗನ ಕಾಗುಣಿತ ಅದರಿಂದ ಸರಿಯಾಗುವುದಿಲ್ಲ. ಹಾಗಾದರೆ ಬಿಟ್ಟುಹೋದ ಆ ಒಂದು ‘ಯು’ ಎಷ್ಟು ದೊಡ್ಡ ತಪ್ಪು? ತಪ್ಪನ್ನು ತೂಗುವ ತಕ್ಕಡಿ ಯಾವುದು? ಕಾದಂಬರಿ ಈ ಪ್ರಶ್ನೆಯನ್ನು ಎತ್ತಿ ಮುಂದೆ ಬೇರೆ ದಾರಿ ಹಿಡಿಯುತ್ತದೆ. ನಮ್ಮ ಶಾಲೆಗಳಾದರೋ ಇಂದಿಗೂ ಆ ಪ್ರಶ್ನೆಯ ಹೊಸ್ತಿಲಲ್ಲಿಯೇ ನಿಂತಿವೆ.

ನಾನು ಕನ್ನಡದ ಅಧ್ಯಾಪಕ. ಇಂಗ್ಲಿಷು ಬೋಧನೆಯ ವಿಚಾರದಲ್ಲಿ ತಲೆಹಾಕಲು ನನಗೇನು ಅಧಿಕಾರವೆಂದು ವಾಚಕರು ಕೇಳಬಹುದು. ಅಧಿಕಾರವೇನೂ ಇಲ್ಲ, ನೆರೆಹೊರೆಯ ಸಂಬಂಧ ಮಾತ್ರ ಉಂಟು. ನಮ್ಮ ಪಕ್ಕದ ಮನೆಯವರು ಪ್ರೌಢಶಾಲೆಯೊಂದರಲ್ಲಿ ಇಂಗ್ಲಿಷು ಕಲಿಸುವ ಉಪಾಧ್ಯಾಯರು, ನನ್ನ ಮಿತ್ರರು. ಹತ್ತನೆಯ ತರಗತಿಯ ಪೂರ್ವಸಿದ್ಧತಾ ಪರೀಕ್ಷೆಯ ಐವತ್ತೆರಡು ಉತ್ತರಪತ್ರಿಕೆಗಳನ್ನು ಅವರು ಕಳೆದ ಬೇಸಗೆಯ ಮುಂಚೆ ಮನೆಗೆ ತಂದಿದ್ದರು. ಕಣ್ಣಿಗೆ ಶಸ್ತ್ರಚಿಕಿತ್ಸೆಯಾಗಿದ್ದುದರಿಂದ ಅಂಕ ಕೂಡಿಸಿ ಬರೆಯುವ ಕೆಲಸಕ್ಕೆ ನನ್ನ ನೆರವು ಕೇಳಿದರು. ಮೂರು ಸಂಜೆ ಅವರ ಮನೆಯ ಜಗುಲಿಯ ಮೇಲೆ ಕುಳಿತು ನಾನು ಆ ಉತ್ತರಗಳನ್ನು ಅವರಿಗೆ ಓದಿ ಹೇಳಿದೆ. ಅವರು ಅಂಕ ಹೇಳಿದರು, ನಾನು ಬರೆದೆ. ಮೊದಲ ಸಂಜೆ ಕೂಡಿಸುವುದರಲ್ಲಿಯೇ ನನ್ನ ಲಕ್ಷ್ಯವಿತ್ತು. ಎರಡನೆಯ ಸಂಜೆಯ ಹೊತ್ತಿಗೆ ನಾನು ಓದತೊಡಗಿದ್ದೆ.

ಪಾಠದಲ್ಲಿ ಒಂದು ಕಥೆ. ಬಡಹುಡುಗನೊಬ್ಬನಿಗೆ ಬಸ್ಸು ನಿಲ್ದಾಣದಲ್ಲಿ ಹಣದ ಚೀಲ ಸಿಕ್ಕುತ್ತದೆ. ಅವನು ಅದನ್ನು ಕಳೆದುಕೊಂಡವರಿಗೆ ಹಿಂದಿರುಗಿಸುತ್ತಾನೆ. ಹುಡುಗ ಚೀಲವನ್ನು ಹಿಂದಿರುಗಿಸಿದ್ದೇಕೆ ಎಂಬುದು ಪ್ರಶ್ನೆ. ನಾಲ್ಕು ಅಂಕ.

ಒಂದು ಪತ್ರಿಕೆಯಲ್ಲಿ ಹನ್ನೆರಡು ಸಾಲಿನ ಉತ್ತರವಿತ್ತು. ಪ್ರಾಮಾಣಿಕತೆಯೇ ಅತ್ಯುತ್ತಮ ನೀತಿಯೆಂದು ಆರಂಭ, ಲೇಖಕರ ಪರಿಚಯ, ಕಥೆ ನಮಗೆ ಒಳ್ಳೆಯ ಪಾಠ ಕಲಿಸುತ್ತದೆಂದು ಮುಕ್ತಾಯ. ಅಕ್ಷರ ದುಂಡಗೆ, ಕಾಗುಣಿತ ಶುದ್ಧ, ಒಂದು ಅಲ್ಪವಿರಾಮವೂ ಸ್ಥಾನ ತಪ್ಪಿಲ್ಲ. ಆದರೆ ಹುಡುಗ ಹಿಂದಿರುಗಿಸಿದ್ದೇಕೆಂಬುದು ಮಾತ್ರ ಆ ಹನ್ನೆರಡು ಸಾಲುಗಳಲ್ಲಿ ಎಲ್ಲಿಯೂ ಇಲ್ಲ. ಮಾರುಕಟ್ಟೆಯಲ್ಲಿ ಸಿಕ್ಕುವ ಗೈಡಿನಿಂದ ಬಾಯಿಪಾಠ ಮಾಡಿದ ಉತ್ತರವದು. ಅದೂ ಬೇರೊಂದು ಪ್ರಶ್ನೆಯ ಉತ್ತರ. ಮಿತ್ರರು ಮೂರು ಅಂಕ ಎಂದರು.

ಇನ್ನೊಂದು ಪತ್ರಿಕೆಯಲ್ಲಿ ಎರಡೇ ವಾಕ್ಯ. ಅದನ್ನು ಇದ್ದಂತೆಯೇ ಇಲ್ಲಿ ಬರೆಯುತ್ತೇನೆ: ‘ಹೀಸ್ ಮದರ್ ಟೆಲ್, ಅದರ್ಸ್ ಮನಿ ಡೋಂಟ್ ಟೇಕ್. ಸೋ ಹೀ ಗೋ ಬ್ಯಾಕ್ ಗಿವ್.’ ನಾನು ಓದುತ್ತಿದ್ದಂತೆಯೇ ಮಿತ್ರರು ಕಿವಿಯ ಮೇಲೆ ಕೈಯಿಟ್ಟುಕೊಂಡರು. “ಒಂದು ಹಾಕಿ” ಎಂದರು.

ನಾನು ಹಾಕಲಿಲ್ಲ. “ಸ್ವಾಮಿ, ಪ್ರಶ್ನೆಗೆ ಉತ್ತರ ಹೇಳಿದವನು ಇವನೊಬ್ಬನೇ ಅಲ್ಲವೆ?” ಎಂದೆ.

“ಉತ್ತರ ಸರಿ, ಇಂಗ್ಲಿಷು ಎಲ್ಲಿದೆ?” ಎಂದರು ಅವರು. “ನೀವು ಕನ್ನಡದವರು, ನಿಮಗೆ ಭಾವ ಸಿಕ್ಕಿದರೆ ಸಾಕು. ನಮಗೆ ಹಾಗಲ್ಲ.”

ಈ ಮಾತು ನನ್ನನ್ನು ಚುಚ್ಚಿತು; ಜೊತೆಗೆ ಒಂದು ದಾರಿಯನ್ನೂ ತೋರಿತು. ನಮಗೆ ಭಾವ ಸಿಕ್ಕಿದರೆ ಸಾಕೆಂಬುದು ನಿಜವಲ್ಲ. ತಪ್ಪೆಂದರೇನು ಎಂಬ ವಿಚಾರವನ್ನು ನಮ್ಮ ಆಲಂಕಾರಿಕರಷ್ಟು ಕೂಲಂಕಷವಾಗಿ ಮಥಿಸಿದವರು ವಿರಳ. ಕನ್ನಡದಲ್ಲಿ ನಮಗೆ ದೊರೆತಿರುವ ಮೊದಲ ಗ್ರಂಥ, ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’. ಅದರ ಮೊದಲ ಪರಿಚ್ಛೇದದ ವಿಷಯವೇ ದೋಷಾದೋಷಗಳ ನಿರ್ಣಯ. ಯಾವುದು ದೋಷ ಎಂಬುದರ ಜೊತೆಯಲ್ಲೇ ಯಾವುದು ದೋಷವಲ್ಲ ಎಂಬುದನ್ನೂ ಹೇಳಬೇಕೆಂದು ಆ ಗ್ರಂಥಕಾರನಿಗೆ ತೋರಿತ್ತು. ಕಾಶ್ಮೀರದ ಮಮ್ಮಟ ಹನ್ನೊಂದನೆಯ ಶತಮಾನದಲ್ಲಿ ದೋಷಕ್ಕೆ ಲಕ್ಷಣ ಹೇಳುವಾಗ, ಮುಖ್ಯವಾದ ಅರ್ಥಕ್ಕೆ ಯಾವುದು ಭಂಗ ತರುವುದೋ ಅದೇ ದೋಷವೆಂದ. ಕಾವ್ಯದಲ್ಲಿ ಮುಖ್ಯವಾದದ್ದು ರಸ. ಆದ್ದರಿಂದ ರಸವನ್ನು ಕೆಡಿಸುವುದು ದೋಷ. ಅವನಿಗಿಂತ ಮೊದಲೇ ಆನಂದವರ್ಧನ ಇನ್ನೂ ಸೂಕ್ಷ್ಮವಾದ ಒಂದು ಮಾತನ್ನು ಆಡಿದ್ದ. ಕೆಲವು ದೋಷಗಳು ಅನಿತ್ಯ, ಎಲ್ಲೆಡೆಯಲ್ಲಿಯೂ ದೋಷವಾಗುವುದಿಲ್ಲ. ಕಿವಿಗೆ ಕರ್ಕಶವಾದ ಶಬ್ದ ಶೃಂಗಾರದಲ್ಲಿ ದೋಷ. ರೌದ್ರದಲ್ಲಿ ಅದೇ ಗುಣ. ತೀ. ನಂ. ಶ್ರೀಕಂಠಯ್ಯನವರ ‘ಭಾರತೀಯ ಕಾವ್ಯಮೀಮಾಂಸೆ’ (೧೯೫೩) ಓದಿದ ನಮ್ಮ ಎಂ.ಎ. ವಿದ್ಯಾರ್ಥಿಗಳೆಲ್ಲರೂ ಇದನ್ನು ಬಲ್ಲರು. ಆದರೆ ಕಾವ್ಯವನ್ನು ಬಿಟ್ಟು ಬೇರೆಲ್ಲಿಯೂ ಇದನ್ನು ಪ್ರಯೋಗಿಸಬಹುದೆಂದು ನಮಗೆ ಹೊಳೆಯುವುದಿಲ್ಲ.

ಪ್ರಯೋಗಿಸಿ ನೋಡೋಣ. ‘ಹುಡುಗ ಹಿಂದಿರುಗಿಸಿದ್ದೇಕೆ’ ಎಂಬ ಪ್ರಶ್ನೆಯಲ್ಲಿ ಮುಖ್ಯವಾದದ್ದು ಯಾವುದು? ಓದಿದ ಕಥೆ ತಿಳಿಯಿತೇ ಎಂಬುದು. ಹಾಗಿದ್ದರೆ ಎರಡನೆಯ ಹುಡುಗನ ತಪ್ಪುಗಳು ಮುಖ್ಯಾರ್ಥಕ್ಕೆ ಭಂಗ ತರಲಿಲ್ಲ. ಮೊದಲನೆಯವನ ನಿರ್ದುಷ್ಟ ವಾಕ್ಯಗಳು ಪೂರ್ತಿಯಾಗಿ ಭಂಗ ತಂದವು. ದೋಷಪೂರ್ಣವಾದದ್ದು ಆ ಹನ್ನೆರಡು ಸಾಲು. ಈ ಎರಡು ವಾಕ್ಯಗಳಲ್ಲ. ಮಹಾಕಾವ್ಯವೆಂದರೆ ಅಷ್ಟಾದಶ ವರ್ಣನೆಗಳಿರಬೇಕೆಂಬ ಲಕ್ಷಣವನ್ನು ಹಿಡಿದು ಸಮುದ್ರ, ಪರ್ವತ, ಚಂದ್ರೋದಯಗಳನ್ನು ಬೆರಳೆಣಿಸಿ ನೋಡಿ ‘ಇದು ಮಹಾಕಾವ್ಯ’ ಎಂದು ಮುದ್ರೆಯೊತ್ತುವ ವಿಮರ್ಶಕನನ್ನು ನಾವು ಇಂದು ಗೌರವಿಸುವುದಿಲ್ಲ. ಆದರೆ ಮಕ್ಕಳ ಇಂಗ್ಲಿಷನ್ನು ಅಳೆಯುವ ಪರೀಕ್ಷಕ ಇಂದಿಗೂ ಅದೇ ಕೆಲಸ ಮಾಡುತ್ತಿದ್ದಾನೆ.

ಇನ್ನು ಆ ಎರಡು ವಾಕ್ಯಗಳ ತಪ್ಪುಗಳನ್ನೇ ಕೊಂಚ ನೋಡಬೇಕು. ಅವು ತಪ್ಪುಗಳೇ ಎಂಬುದರಲ್ಲಿ ನನಗೆ ಸಂದೇಹವಿಲ್ಲ. ‘ಅದರ್ಸ್ ಮನಿ ಡೋಂಟ್ ಟೇಕ್’ ಎಂದು ಹುಡುಗ ಬರೆದದ್ದೇಕೆ? ‘ಇತರರ ಹಣ ತೆಗೆದುಕೊಳ್ಳಬೇಡ’ ಎಂಬಲ್ಲಿ ಕನ್ನಡದ ಕ್ರಿಯಾಪದ ಕೊನೆಯಲ್ಲಿ ನಿಲ್ಲುತ್ತದೆ. ‘ಗೋ ಬ್ಯಾಕ್ ಗಿವ್’ ಎಂದದ್ದೇಕೆ? ‘ಹಿಂದಕ್ಕೆ ಹೋಗಿ ಕೊಟ್ಟ’ ಎನ್ನುವಾಗ ನಮಗೆ ಎರಡು ಕ್ರಿಯೆಗಳ ನಡುವೆ ‘ಮತ್ತು’ ಬೇಕಾಗುವುದಿಲ್ಲ; ‘ಹೋಗಿ’ ಎಂಬ ಕೃದಂತವೇ ಸೇತುವೆ ಕಟ್ಟುತ್ತದೆ. ತಾಯಿಯ ಮಾತನ್ನು ಅವಳ ಬಾಯಿಂದ ಬಂದಂತೆಯೇ ಇಟ್ಟದ್ದೇಕೆ? ಕನ್ನಡದಲ್ಲಿ ‘ಎಂದು’ ಎಂಬ ಪುಟ್ಟ ಮಾತೊಂದಿದೆ. ‘ನಾಳೆ ಬರುತ್ತೇನೆ ಎಂದು ಅವನು ಹೇಳಿದ’ ಎನ್ನುವಾಗ ನಾವು ಅವನ ‘ನಾನು’ವನ್ನು ‘ಅವನು’ ಮಾಡುವುದಿಲ್ಲ, ನಾಳೆಯನ್ನು ಮರುದಿನವಾಗಿ ಬದಲಿಸುವುದಿಲ್ಲ. ಇಂಗ್ಲಿಷು ಇವೆಲ್ಲವನ್ನೂ ಬದಲಿಸೆನ್ನುತ್ತದೆ. ‘ಇವನು ರಾಮ’ ಎಂಬ ವಾಕ್ಯದಲ್ಲಿ ಕ್ರಿಯಾಪದವೇ ಬೇಡದ ಭಾಷೆಯಿಂದ ಬಂದ ಮಗು ‘ಹೀ ರಾಮ’ ಎಂದರೆ ಅದು ಅಜ್ಞಾನವಲ್ಲ. ಒಂದು ವ್ಯಾಕರಣವನ್ನು ಇನ್ನೊಂದರ ಮನೆಗೆ ಕೊಂಡೊಯ್ದಿರುವುದು. ‘ನನಗೆ ತಲೆನೋವು’ ಎಂದು ಚತುರ್ಥಿಯಲ್ಲಿ ನೋವನ್ನು ಅನುಭವಿಸುವವರು ಪ್ರಥಮೆಯಲ್ಲಿ ಅದನ್ನು ‘ಇಟ್ಟುಕೊಳ್ಳಲು’ ಕಲಿಯಬೇಕು. ಕನ್ನಡದಲ್ಲಿ ಹೆಸರಿಲ್ಲದ, ರೂಪವಿಲ್ಲದ ‘ದಿ’ ಎಂಬ ಅಕ್ಷರವನ್ನು ಯಾವಾಗ ಹಚ್ಚಬೇಕು, ಯಾವಾಗ ಬಿಡಬೇಕು ಎಂಬುದನ್ನು ಬಲ್ಲವರು, ನಿಜ ಹೇಳಬೇಕೆಂದರೆ, ನಮ್ಮ ವಿಶ್ವವಿದ್ಯಾನಿಲಯಗಳಲ್ಲಿಯೂ ಹೆಚ್ಚಿಲ್ಲ.

ಪಿಟ್ ಕಾರ್ಡರ್ ಎಂಬ ಇಂಗ್ಲಿಷು ವಿದ್ವಾಂಸರು ೧೯೬೭ರಲ್ಲಿ ಬರೆದ ಒಂದು ಪ್ರಬಂಧದಲ್ಲಿ, ಕಲಿಯುವವನ ತಪ್ಪು ಅಳಿಸಿಹಾಕಬೇಕಾದ ಕಸವಲ್ಲ, ಅವನ ಮನಸ್ಸಿನಲ್ಲಿ ಈಗ ಯಾವ ನಿಯಮ ಕೆಲಸ ಮಾಡುತ್ತಿದೆಯೆಂಬುದರ ಸಾಕ್ಷ್ಯ ಎಂಬ ವಿಚಾರವನ್ನು ಮಂಡಿಸಿದರು. ಈ ಸಾಕ್ಷ್ಯವನ್ನು ಓದಬೇಕಾದರೆ ಇಂಗ್ಲಿಷು ಮಾತ್ರ ಬಂದರೆ ಸಾಲದು. ಮಗುವಿನ ಭಾಷೆಯೂ ಬರಬೇಕು, ಬರೀ ಆಡಲು ಬಂದರೆ ಸಾಲದು, ಅದರ ಕಟ್ಟಡ ತಿಳಿದಿರಬೇಕು. ಮಾಲ್ಗುಡಿಯ ಕೃಷ್ಣನ ಮಾತಿಗೆ ಇಲ್ಲಿ ನಿಜವಾದ ತೂಕ ಬರುತ್ತದೆ. ಬ್ರೌನ್ ಸಾಹೇಬರಿಗೆ ನಮ್ಮ ಭಾಷೆ ಬಾರದ್ದು ಸಭ್ಯತೆಯ ಕೊರತೆಯಷ್ಟೇ ಅಲ್ಲ; ಪರೀಕ್ಷಕನಾಗಿ ಅದು ಅವರ ಅನರ್ಹತೆ. ತಪ್ಪು ಎಲ್ಲಿದೆಯೆಂದು ಅವರು ಕಾಣಬಲ್ಲರು, ಎಲ್ಲಿಂದ ಬಂತೆಂದು ಕಾಣಲಾರರು.

ಇದೆಲ್ಲ ಪಂಡಿತರ ಜಗುಲಿಯ ಹರಟೆಯೆಂದು ಯಾರಾದರೂ ಹೇಳಿಯಾರು. ಹಾಗಲ್ಲವೆಂಬುದಕ್ಕೆ ನನ್ನ ತರಗತಿಯಲ್ಲೇ ನಡೆದದ್ದನ್ನು ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ಮೊದಲ ವರ್ಷದ ಬಿ.ಎ. ಓದುತ್ತಿದ್ದ ಹುಡುಗಿಯೊಬ್ಬಳು ಪಾಠ ಮುಗಿದ ಮೇಲೆ ಅಧ್ಯಾಪಕರ ಕೊಠಡಿಯ ಬಾಗಿಲಲ್ಲಿ ನಿಂತಿದ್ದಳು. ಹಳ್ಳಿಯಿಂದ ಬಂದವಳು, ತಂದೆಯಿಲ್ಲ. “ಏನಮ್ಮ?” ಎಂದೆ. ಕೈಯಲ್ಲಿದ್ದ ಕಾಗದವನ್ನು ಮುಂದಕ್ಕೆ ಚಾಚಿ “ಸರ್, ಇದರಲ್ಲಿ ಏನು ಬರೆದಿದ್ದಾರೆ?” ಎಂದಳು. ವಿದ್ಯಾರ್ಥಿವೇತನ ಕೊಡುವ ಒಂದು ಕಛೇರಿಯಿಂದ ಬಂದ ಪತ್ರ, ಇಂಗ್ಲಿಷಿನಲ್ಲಿತ್ತು. ಆದಾಯದ ಪ್ರಮಾಣಪತ್ರವನ್ನು ಇಂಥ ದಿನದೊಳಗೆ ಕಳುಹಿಸಬೇಕು, ತಪ್ಪಿದರೆ ಅರ್ಜಿಯನ್ನು ಪರಿಶೀಲಿಸಲಾಗದು ಎಂದು ಅದರಲ್ಲಿತ್ತು. ಆ ದಿನ ಕಳೆದು ನಾಲ್ಕು ದಿನವಾಗಿತ್ತು. ಪತ್ರ ಬಂದು ಹನ್ನೊಂದು ದಿನ. “ಇಷ್ಟು ದಿನ ಯಾಕಮ್ಮ ಇಟ್ಟುಕೊಂಡಿದ್ದೆ?” ಎಂದು ಕೇಳಿದೆ. ಬಹಳ ಹೊತ್ತು ಸುಮ್ಮನಿದ್ದು ಹೇಳಿದಳು: “ಎಸ್ಸೆಸ್ಸೆಲ್ಸಿಯಲ್ಲಿ ಇಂಗ್ಲಿಷಿಗೆ ಎಂಬತ್ತನಾಲ್ಕು ಬಂದಿತ್ತು ಸರ್. ಓದೋಕೆ ಬರೋದಿಲ್ಲ ಅಂತ ಯಾರನ್ನ ಕೇಳೋದು?”

ಈ ಮಾತನ್ನು ನಾನು ಮರೆತಿಲ್ಲ. ನಲವತ್ತು ಅಂಕ ಬಂದಿದ್ದರೆ ಅವಳು ಅದೇ ಸಂಜೆ ಯಾರನ್ನಾದರೂ ಕೇಳುತ್ತಿದ್ದಳು. ಎಂಬತ್ತನಾಲ್ಕು ಅವಳ ಬಾಯಿ ಕಟ್ಟಿತು. ಅವಳು ಮೋಸ ಮಾಡಿ ಪಡೆದ ಅಂಕವಲ್ಲ ಅದು. ರಾತ್ರಿ ನಿದ್ದೆಗೆಟ್ಟು ಬಾಯಿಪಾಠ ಮಾಡಿ ಸಂಪಾದಿಸಿದ್ದು. ಮೋಸ ಹೋದವಳು ಅವಳು. ನಿನಗೆ ಇಂಗ್ಲಿಷು ಬರುತ್ತದೆಂದು ಅವಳಿಗೆ ಬರೆದುಕೊಟ್ಟವರು ನಾವು.

ಅವಳೊಬ್ಬಳ ಕಥೆ ಇದಾಗಿದ್ದರೆ ಬರೆಯುವ ಅಗತ್ಯವಿರಲಿಲ್ಲ. ೨೦೨೩ರಲ್ಲಿ ‘ಅಸರ್’ ಸಮೀಕ್ಷೆಯವರು ೨೬ ರಾಜ್ಯಗಳ ೨೮ ಜಿಲ್ಲೆಗಳ ಹಳ್ಳಿಗಳಲ್ಲಿ ಹದಿನಾಲ್ಕರಿಂದ ಹದಿನೆಂಟು ವಯಸ್ಸಿನವರ ಮುಂದೆ ಸರಳವಾದ ಇಂಗ್ಲಿಷು ವಾಕ್ಯಗಳನ್ನಿಟ್ಟರು. ನೂರಕ್ಕೆ ೫೭.೩ ಮಂದಿ ಓದಿದರು. ಹಾಗೆ ಓದಿದವರಲ್ಲಿ ಅರ್ಥ ಹೇಳಿದವರು ಸುಮಾರು ಮುಕ್ಕಾಲು ಪಾಲು ಮಾತ್ರ. ಎಂದರೆ, ಓದಬಲ್ಲ ನಾಲ್ವರಲ್ಲಿ ಒಬ್ಬರು ಅಕ್ಷರಗಳನ್ನು ಉಚ್ಚರಿಸುತ್ತಾರೆಯೇ ಹೊರತು ಅವುಗಳೊಳಕ್ಕೆ ಪ್ರವೇಶಿಸುವುದಿಲ್ಲ. ನಮ್ಮ ರಾಜ್ಯದ ಸರ್ಕಾರಿ ಶಾಲೆಗಳಲ್ಲಿ ೨೦೦೭-೦೮ರಿಂದ ಒಂದನೆಯ ತರಗತಿಯಲ್ಲಿಯೇ ಇಂಗ್ಲಿಷು ಆರಂಭವಾಯಿತು. ಬೇಗ ಆರಂಭಿಸಬೇಕೇ, ತಡವಾಗಿ ಆರಂಭಿಸಬೇಕೇ ಎಂದು ನಾವು ಬೀದಿಯಲ್ಲಿ, ಸಭೆಯಲ್ಲಿ, ನ್ಯಾಯಾಲಯದಲ್ಲಿ ವಾದಿಸಿದ್ದೇವೆ. ಕಲಿತದ್ದನ್ನು ಹೇಗೆ ಅಳೆಯಬೇಕೆಂಬ ಬಗ್ಗೆ ಆ ಬಿಸಿಯ ಹತ್ತರಲ್ಲೊಂದು ಪಾಲನ್ನೂ ಖರ್ಚು ಮಾಡಿಲ್ಲ.

ಆದರೆ ಇದನ್ನು ನಮ್ಮ ಊರಿನಲ್ಲಿಯೇ ಯೋಚಿಸಿದವರಿದ್ದರು. ಎನ್. ಎಸ್. ಪ್ರಭು ಎಂಬ ಇಂಗ್ಲಿಷು ಬೋಧನಾತಜ್ಞರು ಮದ್ರಾಸಿನ ಬ್ರಿಟಿಷ್ ಕೌನ್ಸಿಲಿನಲ್ಲಿದ್ದಾಗ, ಬೆಂಗಳೂರಿನ ಪ್ರಾದೇಶಿಕ ಇಂಗ್ಲಿಷು ಸಂಸ್ಥೆಯವರ ಸಹಕಾರದಿಂದ ೧೯೭೯ರಲ್ಲಿ ಒಂದು ಪ್ರಯೋಗವನ್ನು ಆರಂಭಿಸಿದರು. ೧೯೮೪ರವರೆಗೆ ದಕ್ಷಿಣಭಾರತದ ಸಾಮಾನ್ಯ ಶಾಲೆಗಳ ಕೆಲವು ತರಗತಿಗಳಲ್ಲಿ ಅದು ನಡೆಯಿತು. ಭಾಷಾಬೋಧನೆಯ ಪ್ರಪಂಚದಲ್ಲೆಲ್ಲ ಇಂದು ಅದಕ್ಕೆ ‘ಬೆಂಗಳೂರು ಪ್ರಾಜೆಕ್ಟ್’ ಎಂದೇ ಹೆಸರು. ಅದರ ವಿವರವನ್ನೂ ವಿಚಾರವನ್ನೂ ಪ್ರಭುಗಳು ‘ಸೆಕೆಂಡ್ ಲಾಂಗ್ವೇಜ್ ಪೆಡಗಾಜಿ’ ಎಂಬ ಸಣ್ಣ ಪುಸ್ತಕವಾಗಿ ೧೯೮೭ರಲ್ಲಿ ಪ್ರಕಟಿಸಿದರು. ಲೋಕವೆಲ್ಲ ನಮ್ಮ ಊರಿನ ಹೆಸರಿನಿಂದ ಕರೆಯುವ ಈ ಕೆಲಸವನ್ನು ನಮ್ಮ ಊರಿನ ಓದುಗರು ಮಾತ್ರ ಅರಿಯರು.

ಪ್ರಭುಗಳ ವಿಚಾರ ಸರಳವಾದದ್ದು. ಮನಸ್ಸು ಅರ್ಥದಲ್ಲಿ ತೊಡಗಿದ್ದಾಗ ವ್ಯಾಕರಣ ತಾನಾಗಿ ಒಳಗೆ ಬೆಳೆಯುತ್ತದೆ. ವ್ಯಾಕರಣವನ್ನೇ ದಿಟ್ಟಿಸಿ ಕುಳಿತರೆ ಬೆಳೆಯುವುದಿಲ್ಲ. ಆದ್ದರಿಂದ ಅವರ ತರಗತಿಯಲ್ಲಿ ವಾಕ್ಯರಚನೆಯ ಪಟ್ಟಿಯಿರಲಿಲ್ಲ, ಮಾಡಬೇಕಾದ ಕೆಲಸಗಳ ಪಟ್ಟಿಯಿತ್ತು. ರೈಲಿನ ವೇಳಾಪಟ್ಟಿಯನ್ನು ಕೊಟ್ಟು, ಇಂಥ ಹೊತ್ತಿಗೆ ಇಂಥ ಊರು ಸೇರಬೇಕಾದವನು ಯಾವ ಗಾಡಿ ಹಿಡಿಯಬೇಕು ಎಂದು ಕೇಳುವುದು. ಊರಿನ ನಕ್ಷೆ ಕೊಟ್ಟು ದಾರಿ ಹುಡುಕಿಸುವುದು. ಮೊದಲು ಅಂಥದೇ ಒಂದು ಕೆಲಸವನ್ನು ಉಪಾಧ್ಯಾಯರು ಇಡೀ ತರಗತಿಯೊಡನೆ ಮಾತನಾಡುತ್ತ ಮಾಡಿ ತೋರಿಸುವರು. ಬಳಿಕ ಪ್ರತಿ ಮಗುವೂ ತಾನೇ ಮತ್ತೊಂದನ್ನು ಮಾಡಬೇಕು. ಅಳತೆ? ಗಾಡಿ ಸರಿಯಾದದ್ದೋ ಅಲ್ಲವೋ ಎಂಬುದೇ ಅಳತೆ. ತರಗತಿಯ ಅರ್ಧದಷ್ಟು ಮಕ್ಕಳಾದರೂ ಕೆಲಸದ ಅರ್ಧದಷ್ಟನ್ನಾದರೂ ಸರಿಯಾಗಿ ಮಾಡಿದರೆ ಕೆಲಸ ಹದವಾಗಿದೆಯೆಂದು ಭಾವಿಸುತ್ತಿದ್ದರು. ಮಗು ತಪ್ಪಾಗಿ ಹೇಳಿದರೆ ಉಪಾಧ್ಯಾಯರು ತಡೆದು ನಿಲ್ಲಿಸಿ ಪಾಠ ಹೇಳುತ್ತಿರಲಿಲ್ಲ. ಮನೆಯಲ್ಲಿ ತಾಯಿ ಹೇಳುವಂತೆ, ಆ ಮಾತನ್ನೇ ಸರಿಯಾದ ರೂಪದಲ್ಲಿ ತಾವೊಮ್ಮೆ ಹೇಳಿ ಮುಂದೆ ಹೋಗುತ್ತಿದ್ದರು. ಕನ್ನಡ ನಾಡಿನ ಜನ ಉದ್ದೇಶಪಟ್ಟು ಓದದೆಯೂ ಕಾವ್ಯಪ್ರಯೋಗದಲ್ಲಿ ನಿಪುಣರೆಂದು ಕವಿರಾಜಮಾರ್ಗಕಾರ ಹೆಮ್ಮೆಪಟ್ಟದ್ದು ನೆನಪಾಗುವುದಿಲ್ಲವೆ?

ಪುಸ್ತಕ ನನಗೆ ಮೆಚ್ಚುಗೆಯಾಯಿತೆಂದ ಮಾತ್ರಕ್ಕೆ ಅದರಲ್ಲಿ ಎಲ್ಲಕ್ಕೂ ಉತ್ತರವಿದೆಯೆಂದಲ್ಲ. ಆ ಕ್ರಮದಲ್ಲಿ ಉಪಾಧ್ಯಾಯನ ಮಾತೇ ಮಕ್ಕಳಿಗೆ ಆಹಾರ. ಉಪಾಧ್ಯಾಯನಿಗೇ ಇಂಗ್ಲಿಷಿನಲ್ಲಿ ನಾಲ್ಕು ಮಾತು ಸರಾಗವಾಗಿ ಬಾರದ ಶಾಲೆಯಲ್ಲಿ ಏನು ಮಾಡಬೇಕು? ಅರ್ಧ ತರಗತಿ ಗೆದ್ದಾಗ ಉಳಿದ ಅರ್ಧದ ಗತಿಯೇನು? ಕೆಲಸ ಮುಗಿಸುವುದರಲ್ಲಿ ಚುರುಕಾದ ಮಗು ಒಂದೊಂದೇ ಪದದಲ್ಲಿ ಉತ್ತರ ಹೇಳಿ ಪಾರಾಗಿ, ಪೂರ್ಣವಾಕ್ಯ ಬರೆಯುವುದನ್ನು ಎಂದಿಗೂ ಕಲಿಯದೆ ಉಳಿಯಬಹುದಲ್ಲವೆ? ಈ ಸಂದೇಹಗಳು ನನಗೆ ಪೂರ್ತಿ ಪರಿಹಾರವಾಗಿಲ್ಲ.

ಪ್ರಯೋಗದ ಫಲವನ್ನು ಪರೀಕ್ಷಿಸಲು ಹೋದವರಿಗೆ ಬಂದ ತೊಡಕು ಇನ್ನೂ ಸ್ವಾರಸ್ಯವಾದದ್ದು. ಬೆರೆಟ್ಟಾ ಮತ್ತು ಡೇವಿಸ್ ಎಂಬಿಬ್ಬರು ವಿದ್ವಾಂಸರು ಈ ಮಕ್ಕಳನ್ನೂ ಹಳೆಯ ಕ್ರಮದಲ್ಲಿ ಕಲಿತ ಮಕ್ಕಳನ್ನೂ ಹೋಲಿಸಿ ೧೯೮೫ರಲ್ಲಿ ವರದಿ ಪ್ರಕಟಿಸಿದರು. ಯಾವ ಪ್ರಶ್ನಪತ್ರಿಕೆ ಕೊಟ್ಟರೆ ಇಬ್ಬರಿಗೂ ನ್ಯಾಯ? ವ್ಯಾಕರಣದ ಪತ್ರಿಕೆ ಕೊಟ್ಟರೆ ಹಳೆಯ ಕ್ರಮದವರಿಗೆ ಅನುಕೂಲ. ಕೆಲಸದ ಪತ್ರಿಕೆ ಕೊಟ್ಟರೆ ಹೊಸಬರಿಗೆ ಅನುಕೂಲ. ಕೊನೆಗೆ ಎರಡನ್ನೂ ಕೊಟ್ಟು, ಎರಡು ಕಡೆಗೂ ಸೇರದ ಉಕ್ತಲೇಖನ ಮೊದಲಾದವನ್ನೂ ಸೇರಿಸಿ ಐದು ಬಗೆಯಲ್ಲಿ ಅಳೆದರು. ನಿರೀಕ್ಷಿಸಿದಂತೆಯೇ ವ್ಯಾಕರಣದ ಪತ್ರಿಕೆಯಲ್ಲಿ ಹಳೆಯ ಕ್ರಮದವರದೂ, ಕೆಲಸದ ಪತ್ರಿಕೆಯಲ್ಲಿ ಹೊಸ ಕ್ರಮದವರದೂ ಮೇಲುಗೈಯಾಯಿತು. ಯಾವ ಪರೀಕ್ಷೆಯೂ ನಿರ್ವಿಕಾರವಾದ ಕನ್ನಡಿಯಲ್ಲ; ಪ್ರತಿಯೊಂದರ ಒಳಗೂ ಭಾಷೆಯೆಂದರೇನು ಎಂಬ ಒಂದು ಸಿದ್ಧಾಂತ ಅಡಗಿ ಕುಳಿತಿದೆ. ಗೈಡಿನ ಉತ್ತರಕ್ಕೆ ಮೂರು ಅಂಕ ಕೊಡುವ ಪರೀಕ್ಷೆಯ ಸಿದ್ಧಾಂತವನ್ನು ಬಾಯಿಬಿಟ್ಟು ಹೇಳಿದರೆ ಹೀಗಾಗುತ್ತದೆ: ಭಾಷೆಯೆಂದರೆ ತಪ್ಪಿಲ್ಲದಿರುವುದು, ಅರ್ಥವಾದರೆ ಸಂತೋಷ. ಈ ಸಿದ್ಧಾಂತವನ್ನು ಯಾವ ಉಪಾಧ್ಯಾಯನೂ ಒಪ್ಪಲಾರ. ಆದರೆ ವರ್ಷಕ್ಕೊಮ್ಮೆ ಎಲ್ಲರೂ ಅದರಂತೆ ನಡೆಯುತ್ತಾರೆ.

ನನ್ನ ಮಿತ್ರರು ಈ ಮಾತಿಗೆ ಹಾಕಿದ ಆಕ್ಷೇಪ ಹಗುರವಾದದ್ದಲ್ಲ. “ನೀವು ಕ್ಷಮಿಸಿ ಅಂಕ ಹಾಕುತ್ತೀರಿ. ನಾಳೆ ಇದೇ ಹುಡುಗ ಕೆಲಸ ಕೇಳಿಕೊಂಡು ಹೋಗಿ ‘ಮದರ್ ಟೆಲ್’ ಎಂದರೆ ಅಲ್ಲಿ ಕುಳಿತವರು ಕ್ಷಮಿಸುತ್ತಾರೆಯೆ? ದೊಡ್ಡವರ ಮಕ್ಕಳು ಮನೆಯಲ್ಲಿ ಕಲಿಯುತ್ತಾರೆ. ಬಡವರ ಮಕ್ಕಳಿಗೆ ತಿದ್ದುವವರು ನಾವಲ್ಲದೆ ಯಾರು?” ಎಂದರು. ಇದು ಇಪ್ಪತ್ತು ವರ್ಷ ಬಡವರ ಮಕ್ಕಳಿಗೆ ಪಾಠ ಹೇಳಿದವರ ಮಾತು. ಇದನ್ನು ತಳ್ಳಿಹಾಕುವ ಧೈರ್ಯ ನನಗಿಲ್ಲ. ಆದರೆ ನಾನು ಕ್ಷಮಿಸಿರೆನ್ನುತ್ತಿಲ್ಲ, ಕ್ರಮವಿಡಿರೆನ್ನುತ್ತಿದ್ದೇನೆ. ಆನಂದವರ್ಧನನ ಅನಿತ್ಯದೋಷ ಇಲ್ಲಿ ನೆರವಿಗೆ ಬರುತ್ತದೆ. ಕೆಲಸಕ್ಕೆ ಬರೆಯುವ ಅರ್ಜಿಯಲ್ಲಿ ‘ಮದರ್ ಟೆಲ್’ ದೋಷವೇ, ದೊಡ್ಡ ದೋಷ. ಅಲ್ಲಿ ರೂಪವೇ ಅರ್ಧ ಅರ್ಥ. ಓದಿದ್ದು ತಿಳಿಯಿತೇ ಎಂದು ಕೇಳುವಲ್ಲಿ ಅದು ದೋಷವಲ್ಲ. ಎರಡನ್ನೂ ಒಂದೇ ಕೆಂಪು ಮಸಿಯಿಂದ ಗೀಚಿದರೆ ಮಗು ಕಲಿಯುವ ಪಾಠ ಒಂದೇ: ಸ್ವಂತವಾಗಿ ಬರೆದರೆ ಒಂದು ಅಂಕ, ಬಾಯಿಪಾಠ ಒಪ್ಪಿಸಿದರೆ ಮೂರು. ಆ ಪಾಠ ಕಲಿತ ಮಗು ಮತ್ತೆ ಎಂದೂ ಸ್ವಂತವಾಗಿ ಬರೆಯುವುದಿಲ್ಲ. ಬರೆಯದೆ ಇದ್ದಮೇಲೆ ತಿದ್ದುವುದೇನನ್ನು?

ಹಾಗಾದರೆ ಏನು ಮಾಡಬೇಕು? ನನ್ನ ಸಲಹೆಗಳು ಅಲ್ಪವಾದವು. ಹತ್ತನೆಯ ತರಗತಿಯಲ್ಲಿ ದ್ವಿತೀಯ ಭಾಷೆಯಾಗಿ ಇಂಗ್ಲಿಷು ಓದುವವರಿಗೆ ಎಂಬತ್ತು ಅಂಕದ ಬರವಣಿಗೆ, ಇಪ್ಪತ್ತು ಅಂಕದ ಆಂತರಿಕ ಮೌಲ್ಯಮಾಪನ. ಎಂಬತ್ತರಲ್ಲಿ ಒಂದು ದೊಡ್ಡ ಪಾಲು ಮಕ್ಕಳು ಹಿಂದೆ ಕಾಣದ ಬರಹಕ್ಕೆ ಸಲ್ಲಲಿ. ಬಸ್ಸಿನ ವೇಳಾಪಟ್ಟಿ, ಔಷಧದ ಚೀಟಿ, ಬ್ಯಾಂಕಿನ ಪ್ರಕಟಣೆ, ವಿದ್ಯಾರ್ಥಿವೇತನದ ಪತ್ರ, ಇಂಥವಾದರೆ ಗೈಡು ಬರೆಯುವವರು ಎಷ್ಟೆಂದು ಬರೆದಾರು? ಆ ಭಾಗದ ಪ್ರಶ್ನೆಗಳು ಕನ್ನಡದಲ್ಲಿರಲಿ, ಉತ್ತರವನ್ನು ಕನ್ನಡದಲ್ಲಿ ಬರೆಯಲು ಅವಕಾಶವಿರಲಿ. ಬರೆಯುವ ಭಾಗವನ್ನು ಬೇರೆಯಾಗಿ ಅಳೆಯಲಿ. ಅಲ್ಲಿ ಅರ್ಥಕ್ಕೊಂದು ಅಂಕ, ರೂಪಕ್ಕೊಂದು ಅಂಕ, ಎರಡು ಕಲಂಗಳಲ್ಲಿ. ಕೆಳಗಿನ ತರಗತಿಗಳಲ್ಲಿ ಅರ್ಥಕ್ಕೆ ಹೆಚ್ಚು ತೂಕ, ಮೇಲೇರಿದಂತೆ ರೂಪಕ್ಕೆ. ಆಂತರಿಕ ಇಪ್ಪತ್ತರಲ್ಲಿ ಕೆಲವನ್ನಾದರೂ ನಿಜವಾಗಿ ಕೇಳಿಸಿಕೊಂಡು ಮಾತನಾಡುವುದಕ್ಕೆ ಕೊಡಲಿ.

ಇಂಗ್ಲಿಷು ಪತ್ರಿಕೆಯಲ್ಲಿ ಕನ್ನಡದ ಉತ್ತರವೇ ಎಂದು ಹಲವರು ಹುಬ್ಬೇರಿಸುವರು. ಹಳ್ಳಿಗಳಲ್ಲಿ ಸಮೀಕ್ಷೆ ನಡೆಸಿದ ‘ಅಸರ್’ನವರು ವಾಕ್ಯದ ಅರ್ಥವನ್ನು ಮಕ್ಕಳ ಭಾಷೆಯಲ್ಲಿಯೇ ಕೇಳಿದರು, ಇಲ್ಲದಿದ್ದರೆ ತಿಳಿದಿಲ್ಲವೋ ಹೇಳಲು ಬಾರದೋ ಎಂಬುದು ಗೊತ್ತಾಗುತ್ತಿರಲಿಲ್ಲ. ಇನ್ನೂ ಹತ್ತಿರದ ನಿದರ್ಶನ ಬೇಕೆ? ಬಿ. ಎಂ. ಶ್ರೀಕಂಠಯ್ಯನವರು ಇಂಗ್ಲಿಷಿನ ಪ್ರಾಧ್ಯಾಪಕರು. ಅವರು ಇಂಗ್ಲಿಷು ಕವಿತೆಯನ್ನು ಎಷ್ಟು ಆಳವಾಗಿ ತಿಳಿದಿದ್ದರೆಂಬುದಕ್ಕೆ ನಮಗಿರುವ ದೊಡ್ಡ ಸಾಕ್ಷ್ಯ ೧೯೨೬ರ ‘ಇಂಗ್ಲಿಷ್ ಗೀತಗಳು’. ಆ ಸಾಕ್ಷ್ಯವಿರುವುದು ಕನ್ನಡದಲ್ಲಿ. ನಮ್ಮ ಪರೀಕ್ಷಕರು ಅಂಥ ಉತ್ತರವನ್ನು ಭಾಷೆ ತಪ್ಪಾಯಿತೆಂದು ಹೊಡೆದುಹಾಕುತ್ತಿದ್ದರು.

ಇಷ್ಟು ಹೇಳಿ ನಾನು ಕನ್ನಡದವನೆಂದು ಬೆನ್ನು ತಟ್ಟಿಕೊಂಡರೆ ಅನ್ಯಾಯವಾದೀತು. ನಮ್ಮ ಕನ್ನಡ ಪತ್ರಿಕೆಗಳಲ್ಲಿ ಕವಿಪರಿಚಯ, ಸಂದರ್ಭ, ಸ್ವಾರಸ್ಯ ಎಂಬ ಮೂರು ಡಬ್ಬಿಗಳನ್ನು ತುಂಬಿಸಿದವನಿಗೆ, ಪದ್ಯ ಅವನ ಎದೆಯನ್ನು ಮುಟ್ಟದಿದ್ದರೂ, ನಾವು ಪೂರ್ತಿ ಅಂಕ ಕೊಡುತ್ತೇವೆ. ನಾನೂ ಕೊಟ್ಟಿದ್ದೇನೆ. ಎರಡೂ ಮನೆಯ ದೋಸೆ ತೂತೇ. ವ್ಯತ್ಯಾಸವೆಂದರೆ, ಸ್ವಾರಸ್ಯ ತಿಳಿಯದಿದ್ದರೂ ನಮ್ಮ ಹುಡುಗರಿಗೆ ಕನ್ನಡದ ಪತ್ರವೊಂದನ್ನು ಓದಲು ಬರುತ್ತದೆ.

ಆ ಹುಡುಗಿಯ ವಿದ್ಯಾರ್ಥಿವೇತನ ಆ ವರ್ಷ ಬರಲಿಲ್ಲ. ನಾನು ಕಛೇರಿಗೆ ಪತ್ರ ಬರೆದೆ. ಮುಂದಿನ ವರ್ಷ ಹೊಸದಾಗಿ ಅರ್ಜಿ ಹಾಕಬಹುದೆಂದು ಉತ್ತರ ಬಂತು. ಆ ಉತ್ತರವನ್ನು ಅವಳೂ ನಾನೂ ಒಂದೊಂದು ವಾಕ್ಯವಾಗಿ ಕೂಡಿ ಓದಿದೆವು. ಅಂದಿನಿಂದ ವಾರಕ್ಕೊಮ್ಮೆ ಐದಾರು ಮಕ್ಕಳು ಕೈಗೆ ಸಿಕ್ಕಿದ ಇಂಗ್ಲಿಷು ಕಾಗದಗಳನ್ನು ತಂದು ನನ್ನ ಕೊಠಡಿಯಲ್ಲಿ ಕೂರುತ್ತಾರೆ. ತರಗತಿಗಳೊಂದಿಗೆ ಮಕ್ಕಳು ಬದಲಾದರು, ಕೂರುವುದು ನಿಂತಿಲ್ಲ. ಅಂಕವಿಲ್ಲದ ಪಾಠವಾದ್ದರಿಂದ ತಿಳಿಯದ್ದನ್ನು ತಿಳಿಯದೆಂದು ಹೇಳಲು ಅವರಿಗೆ ನಾಚಿಕೆಯಿಲ್ಲ.

ಮೂರನೆಯ ಸಂಜೆ ಕೂಡಿಸುವ ಕೆಲಸ ಮುಗಿದ ಮೇಲೆ ನನ್ನ ಮಿತ್ರರು ‘ಮದರ್ ಟೆಲ್’ ಪತ್ರಿಕೆಯನ್ನು ಮತ್ತೆ ಕೇಳಿ ತೆಗೆಸಿಕೊಂಡರು. ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ ತಾವೇ ಓದಿದರು. ಒಂದನ್ನು ಹೊಡೆದುಹಾಕಿ ಮೂರು 

ಎಂದು ಬರೆದರು. ಆಮೇಲೆ ಹುಡುಗನ ಎರಡು ವಾಕ್ಯಗಳ ಕೆಳಗೆ, ಅವನ ಮಾತನ್ನೇ ಸರಿಯಾದ ಇಂಗ್ಲಿಷಿನಲ್ಲಿ, ನಿಧಾನವಾಗಿ, ಅವನು ಓದಬಲ್ಲಂತೆ ಬಿಡಿಬಿಡಿಯಾದ ಅಕ್ಷರಗಳಲ್ಲಿ ಬರೆದಿಟ್ಟರು. ಉಳಿದ ಒಂದು ಅಂಕದ ಮಾತನ್ನು ನಾನು ಎತ್ತಲಿಲ್ಲ.